ಐದು ಅಕ್ಷರದ ಬಂಡವಾಳ

ರ, ಗ, ಸ, ದ, ಅ. ಸರ್ಕಾರಿ ಕನ್ನಡ ಶಾಲೆಯ ನಲಿ-ಕಲಿ ತರಗತಿಗೆ ಬಂದ ಮಗುವಿಗೆ ಮೊದಲು ಸಿಗುವ ಅಕ್ಷರಗಳು ಇವು. ಶಿಕ್ಷಕರ ಬಾಯಲ್ಲಿ ಇದು ಒಂದೇ ಪದ: ರಗಸದಅ. ಅಆಇಈ ಎಂದು ಶುರು ಮಾಡಿ ಬೆಳೆದ ನಮ್ಮಂಥವರಿಗೆ ಮೊದಲ ಸಲ ಕೇಳಿದಾಗ ಯಾರೋ ಕೈತಪ್ಪಿ ಅಕ್ಷರ ಚೆಲ್ಲಿದ ಹಾಗೆ ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಒಂದನೇ ತರಗತಿಗೆ ಪಾಠ ಮಾಡಲು ನಿಂತ ಮೊದಲ ವರ್ಷ, ಒಂದು ಸಂಜೆ, ಹಳೆಯ ಮದುವೆ ಪತ್ರಿಕೆಗಳ ಬೆನ್ನಿಗೆ ಈ ಐದನ್ನೂ ಬಿಡಿಬಿಡಿಯಾಗಿ ಬರೆದು ಚಾಪೆಯ ಮೇಲೆ ಹರಡಿಕೊಂಡು ಕೂತೆ. ಏನೇನು ಪದ ಹುಟ್ಟುತ್ತದೋ ನೋಡಿಬಿಡೋಣ ಅಂತ.

ಸರ. ರಸ. ದರ. ಅರಸ. ಅಗಸ. ಗರಗಸ. ದಸರ. ಸರಸರ, ಗರಗರ, ದರದರ. ಅದರ. ಗದಗ.

ಗದಗ ಬಂದಾಗ ಕೈ ನಿಂತಿತು. ಒಂದು ಜಿಲ್ಲಾ ಕೇಂದ್ರದ ಹೆಸರು ಎರಡೇ ಅಕ್ಷರದ ಖರ್ಚಿನಲ್ಲಿ ಮುಗಿದಿತ್ತು. ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಅಪ್ಪನ ಕೈ ಹಿಡಿದು ನಿಂತ ಆರು ವರ್ಷದ ಮಗು, ಶಾಲೆಗೆ ಸೇರಿ ಎರಡು ವಾರವಾಗಿದ್ದರೂ ಸಾಕು, ಬಸ್ಸಿನ ಹಣೆಯ ಮೇಲಿನ ಈ ಬೋರ್ಡನ್ನು ಓದಬಲ್ಲದು. ಆಮೇಲೆ ಪದಕ್ಕೆ ಪದ ಸೇರಿಸುತ್ತ ಹೋದೆ. ಅರಸರ ದಸರ. ಅಗಸರ ಸರ. ಅದರ ದರ. ಐದಕ್ಷರ ಬಲ್ಲ ಮಗು ಅಂಗಡಿಯ ಮುಂದೆ ನಿಂತು ‘ಅದರ ದರ?’ ಎಂದು ಬರೆದು ಕೇಳಬಹುದು! ಆ ಸಂಜೆಯಿಂದ ಈ ಕ್ರಮದ ಮೇಲೆ ನನಗೆ ಹುಟ್ಟಿದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

ಇದೇ ಲೆಕ್ಕವನ್ನು ವರ್ಣಮಾಲೆಯ ಮೊದಲ ಐದಕ್ಕೆ ಹಾಕಿ ನೋಡಿ. ಅ, ಆ, ಇ, ಈ, ಉ. ಇವುಗಳಿಂದ ಎರಡಕ್ಷರದ ಒಂದು ಪದವನ್ನೂ ಕಟ್ಟಲಾಗದು. ಕನ್ನಡದ ಪದದಲ್ಲಿ ಸ್ವರಾಕ್ಷರ ಮೊದಲಲ್ಲಿ ಮಾತ್ರ ನಿಲ್ಲುತ್ತದೆ, ನಡುವೆ ಬಂದರೆ ವ್ಯಂಜನದ ಮೈಯಲ್ಲಿ ಚಿಹ್ನೆಯಾಗಿ ಅಡಗುತ್ತದೆ. ಸರಿ, ವ್ಯಂಜನದ ಮೊದಲ ಸಾಲಿಗೆ ಬನ್ನಿ. ಕ, ಖ, ಗ, ಘ, ಙ. ಇಲ್ಲಿ ಸಿಗುವುದು ‘ಖಗ’. ಹಕ್ಕಿಗೆ ಹಾಗೆನ್ನುತ್ತಾರೆ ಎಂದು ಮಗುವಿಗೆ ಇನ್ನೊಂದು ಪಾಠ ಮಾಡಬೇಕು. ಙ ಅಂತೂ ಆ ಮಗು ತನ್ನ ಜೀವಮಾನದಲ್ಲಿ ವರ್ಣಮಾಲೆಯ ಹೊರಗೆ ಒಂದು ಸಲವಾದರೂ ಬರೆಯುತ್ತದೆಯೋ ಇಲ್ಲವೋ.

ವರ್ಣಮಾಲೆಯನ್ನು ಕಡೆಗಣಿಸಿ ಈ ಮಾತು ಹೇಳುತ್ತಿಲ್ಲ. ಅದೊಂದು ಅದ್ಭುತ ಶಾಸ್ತ್ರ. ಗಂಟಲಲ್ಲಿ ಹುಟ್ಟುವ ಕವರ್ಗದಿಂದ ಹೊರಟು, ಅಂಗಳ, ಮೂರ್ಧೆ, ಹಲ್ಲುಗಳನ್ನು ದಾಟಿ, ತುಟಿಯಲ್ಲಿ ಹುಟ್ಟುವ ಪವರ್ಗಕ್ಕೆ ಬಂದು ನಿಲ್ಲುವ ಆ ಇಪ್ಪತ್ತೈದು ಅಕ್ಷರಗಳ ಚೌಕ ಬಾಯಿಯ ಒಳಗಿನ ನಕ್ಷೆಯೇ ಸರಿ. ಆದರೆ ನಕ್ಷೆಯ ಬೆಲೆ ತಿಳಿಯುವುದು ಊರು ಸುತ್ತಿದವರಿಗೆ. ಓದಲು ಬಂದ ಮೇಲೆ, ಮೂರನೇ ತರಗತಿಯ ಹೊತ್ತಿಗೆ, ಕ ಹೇಳುವಾಗ ನಾಲಿಗೆ ಎಲ್ಲಿ ತಾಗಿತು, ಪ ಹೇಳುವಾಗ ತುಟಿ ಏನು ಮಾಡಿತು ಎಂದು ಕೇಳಿದರೆ ಮಕ್ಕಳ ಕಣ್ಣು ಅರಳುವ ಪರಿಯನ್ನು ನಾನು ಕಂಡಿದ್ದೇನೆ. ಅದೇ ಚೌಕವನ್ನು ಮೊದಲ ದಿನವೇ ಗೋಡೆಗೆ ಅಂಟಿಸಿ ಬೆತ್ತ ಆಡಿಸಿದರೆ ಮಕ್ಕಳು ರಾಗವಾಗಿ ಹಾಡುತ್ತಾರೆ. ಹಾಡು ಚೆನ್ನಾಗಿರುತ್ತದೆ, ಓದು ಆಗಿರುವುದಿಲ್ಲ.

ರಗಸದಅ ಆದ ಮೇಲೆ ಬರುವ ಗುಂಪು ಜ, ವ, ಮ, ಬ, ನ. ಈಗ ಚಾಪೆಯ ಮೇಲೆ ಹತ್ತು ಕಾರ್ಡು. ಮರ, ವನ, ಜನ, ದನ, ಬರ, ಮಗ, ಬಸವ, ನಗರ, ಗಮನ. ಇಲ್ಲಿ ಕನ್ನಡ ನುಡಿಯೇ ಶಿಕ್ಷಕರಿಗೆ ಒಂದು ಉಪಕಾರ ಮಾಡುತ್ತದೆ, ಅದನ್ನು ಎಷ್ಟು ಜನ ಗಮನಿಸಿದ್ದಾರೋ ಗೊತ್ತಿಲ್ಲ. ‘ಬಸವ ಅವರ ಮಗ.’ ಇದು ಪೂರ್ತಿ ವಾಕ್ಯ. ಕ್ರಿಯಾಪದ ಇಲ್ಲ, ಬೇಕಾಗಿಯೂ ಇಲ್ಲ. ‘ಆಗಿದ್ದಾನೆ’ ಎಂಬ ಬಾಲ ಕಟ್ಟದೆಯೇ ಕನ್ನಡದಲ್ಲಿ ವಾಕ್ಯ ನಿಲ್ಲುತ್ತದೆ. ಜೊತೆಗೆ ನಮ್ಮ ಷಷ್ಠಿ ವಿಭಕ್ತಿ ಅಕಾರದಲ್ಲಿ ಮುಗಿಯುತ್ತದೆ: ಬಸವನ, ಜನರ, ಮರದ, ಅವನ. ಹಾಗಾಗಿ ಒಂದು ಗುಡಿಸು, ಒಂದು ಕೊಂಬು ಕಲಿಯುವ ಮೊದಲೇ ‘ಅದು ಯಾರದು’ ಎಂಬುದನ್ನು ಮಗು ಬರೆಯಬಲ್ಲದು. ಬಸವನ ದನ. ಮರದ ಗರಗಸ. ನಗರದ ಜನ. ಹತ್ತಕ್ಷರಕ್ಕೆ ಇಷ್ಟು ಕೊಡುವ ಭಾಷೆ ನಮ್ಮದು.

ಒಂದು ವರ್ಷ ದಸರಾ ರಜೆಗೆ ಮುಂಚೆ ಒಬ್ಬ ತಂದೆ ಶಾಲೆಗೆ ಬಂದು ಬೇಸರದಿಂದಲೇ ಕೇಳಿದ್ದರು: ‘ನಾಲ್ಕು ತಿಂಗಳಾಯ್ತು, ನನ್ ಮಗಳಿಗೆ ಅಆಇಈ ಹೇಳಕ್ಕೆ ಬರಲ್ಲ. ಏನ್ ಕಲಿಸ್ತಿದ್ದೀರಿ?’ ವಾದ ಮಾಡಲಿಲ್ಲ. ಮಗುವನ್ನು ಕರೆದು, ಅವಳು ಮುಂಚೆ ನೋಡಿರದ ಒಂದು ಕಾರ್ಡಿನ ಮೇಲೆ ‘ಬಸವನ ಮಗ ಮರದ ಗರಗಸ’ ಎಂದು ಬರೆದುಕೊಟ್ಟೆ. ಬೆರಳಿಟ್ಟುಕೊಂಡು ಓದಿದಳು. ಓದಿ, ‘ಇದು ಸರಿ ಇಲ್ಲ, ಮಗ ಗರಗಸ ಹೆಂಗಾಗ್ತಾನೆ?’ ಅಂದಳು. ತಂದೆ ಕಾರ್ಡು ಇಸಿದುಕೊಂಡು ಹಿಂದೆ ಚಿತ್ರಗಿತ್ರ ಇದೆಯೇನೋ ಎಂದು ತಿರುಗಿಸಿ ನೋಡಿದರು. ಹಿಂದೆ ಯಾರದೋ ಮದುವೆಯ ಮುಹೂರ್ತ ಇತ್ತು, ಅಷ್ಟೇ.

ನಲಿ-ಕಲಿ ಪದ್ಧತಿ ಹುಟ್ಟಿದ್ದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಕಬಿನಿಯ ನೀರು, ಕಾಡು, ಜೇನುಕುರುಬರ ಹಾಡಿಗಳು, ಒಬ್ಬಿಬ್ಬರೇ ಶಿಕ್ಷಕರಿರುವ ಪುಟ್ಟ ಶಾಲೆಗಳು. ಅಲ್ಲಿನ ಕೆಲವು ಶಿಕ್ಷಕರು ಆಂಧ್ರದ ಮದನಪಲ್ಲಿಯ ಹತ್ತಿರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ಕಾರ್ಡು ಮತ್ತು ಏಣಿ ಇಟ್ಟುಕೊಂಡು ನಡೆಯುತ್ತಿದ್ದ ಕಲಿಕೆಯನ್ನು ಕಣ್ಣಾರೆ ಕಂಡು ಬಂದರು. ಯುನಿಸೆಫ್ ಬೆನ್ನಿಗೆ ನಿಂತಿತು. ಬಂದವರು ಅದನ್ನು ಹಾಗೇ ನಕಲು ಮಾಡದೆ ಕನ್ನಡಕ್ಕೆ, ತಮ್ಮ ಮಕ್ಕಳಿಗೆ ಒಗ್ಗಿಸಿ ಹೊಸದಾಗಿ ಕಟ್ಟಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ನಮ್ಮ ಶಿಕ್ಷಣದಲ್ಲಿ ಬದಲಾವಣೆ ಸಾಮಾನ್ಯವಾಗಿ ಮೇಲಿನ ಸುತ್ತೋಲೆಯಾಗಿ ಇಳಿದು ಬರುತ್ತದೆ. ಇದು ತರಗತಿಯಲ್ಲಿ ಸೀಮೆಸುಣ್ಣ ಹಿಡಿದವರ ಕೈಯಲ್ಲಿ ಹುಟ್ಟಿ ಮೇಲಕ್ಕೆ ಹೋದದ್ದು. ನನಗೆ ಅದರ ಮೇಲಿರುವ ಅಭಿಮಾನಕ್ಕೆ ಇದೂ ಒಂದು ಕಾರಣ.

ಏಣಿ ಎಂದೆ. ಗೋಡೆಯ ಮೇಲೊಂದು ದೊಡ್ಡ ಪಟ. ಅದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಚಿಕ್ಕ ಚಿತ್ರಗಳು. ಪ್ರತಿ ಚಿತ್ರಕ್ಕೂ ಒಂದು ಕಾರ್ಡು. ಮಗು ತಾನು ನಿಂತ ಮೆಟ್ಟಿಲು ನೋಡಿಕೊಂಡು, ಅದೇ ಚಿತ್ರದ ಕಾರ್ಡನ್ನು ತಾನೇ ಹುಡುಕಿ ತಂದು, ಆ ಕೆಲಸಕ್ಕೆ ಗೊತ್ತಾದ ಗುಂಪಿನಲ್ಲಿ ಕೂರುತ್ತದೆ. ಒಂದು ಗುಂಪಿನಲ್ಲಿ ಪೂರ್ತಿ ಶಿಕ್ಷಕರ ಆಸರೆ, ಇನ್ನೊಂದರಲ್ಲಿ ಅರೆಬರೆ. ಮುಂದಿನದರಲ್ಲಿ ಜೊತೆಗಾರರೇ ಮೇಷ್ಟ್ರು. ಕೊನೆಗೆ ತನ್ನಷ್ಟಕ್ಕೆ ತಾನು. ಹೊಸ ಅಕ್ಷರ ಶಿಕ್ಷಕರ ಪಕ್ಕದಲ್ಲಿ ಪರಿಚಯವಾಗುತ್ತದೆ; ಗೆಳೆಯರ ನಡುವೆ ಆಟವಾಗಿ ಪಳಗುತ್ತದೆ; ಕಡೆಗೆ ಒಂಟಿಯಾಗಿ ಕೂತು ಬರೆಯುವಾಗ ಸ್ವಂತದ್ದಾಗುತ್ತದೆ. ಆಸರೆಯನ್ನು ಇಷ್ಟಿಷ್ಟೇ ಹಿಂದಕ್ಕೆ ತೆಗೆಯುವ ಈ ಹದ ನನಗೆ ಸೈಕಲ್ ಕಲಿಸುವವರ ಕೈಯನ್ನು ನೆನಪಿಸುತ್ತದೆ.

ಏಣಿಯ ದೊಡ್ಡ ಉಪಕಾರ ತಿಳಿಯುವುದು ಮಗು ಗೈರುಹಾಜರಾದಾಗ. ಹೆಗ್ಗಡದೇವನಕೋಟೆ ತಾಲ್ಲೂಕಿನ ಹಾಡಿಗಳಿಂದ ಕಾಫಿ ಕೊಯ್ಲಿಗೆ ಕೊಡಗಿನ ತೋಟಗಳಿಗೆ ಹೋಗುವ ಸಂಸಾರಗಳಿವೆ, ಮಕ್ಕಳೂ ಜೊತೆಗೆ ಹೋಗುತ್ತಾರೆ. ಇಡೀ ತರಗತಿಗೆ ಒಂದೇ ಪಾಠ ನಡೆಯುವ ಶಾಲೆಯಲ್ಲಿ ಅಂಥ ಮಗು ತಿಂಗಳು ಬಿಟ್ಟು ಬಂದರೆ ಪಾಠ ಎಲ್ಲೋ ಹೋಗಿರುತ್ತದೆ, ಮಗು ಹಿಂದಿನ ಬೆಂಚು ಹಿಡಿಯುತ್ತದೆ. ಏಣಿಯಲ್ಲಿ ಅದರ ಮೆಟ್ಟಿಲು ಬಿಟ್ಟುಹೋದ ಕಡೆಯೇ ಕಾದುಕೊಂಡಿರುತ್ತದೆ.

ಕಷ್ಟಗಳೂ ಇವೆ. ಕಾರ್ಡು ಹರಿಯುತ್ತವೆ, ಕಳೆದುಹೋಗುತ್ತವೆ. ದಾಖಲೆ ತುಂಬುವ ಕೆಲಸ ಮಕ್ಕಳ ಪಕ್ಕ ಕೂರುವ ಹೊತ್ತನ್ನು ತಿನ್ನುತ್ತದೆ. ಮೂವತ್ತೈದು ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವ ದಿನ ಗುಂಪುಗಳು ಸಂತೆಯಾಗುತ್ತವೆ. ಆದರೆ ಕಾರ್ಡೂ ಏಣಿಯೂ ಇಲ್ಲದ ಕಡೆ, ಮನೆಯ ಜಗಲಿಯಲ್ಲಿ, ವಾರಕ್ಕೊಮ್ಮೆ ಸೇರುವ ಹೊರದೇಶದ ಕನ್ನಡ ತರಗತಿಯಲ್ಲಿ, ಬೆಂಗಳೂರಿಗೆ ಬಂದು ಕನ್ನಡ ಕಲಿಯಬೇಕೆಂದಿರುವ ದೊಡ್ಡವರ ಮುಂದೆ ಕೂಡ ಈ ಕೌಶಲದ ತಿರುಳು ಕೆಲಸ ಮಾಡುತ್ತದೆ: ಸ್ವಲ್ಪವೇ ಕೊಡು, ಕೊಟ್ಟದ್ದರಿಂದ ಇವತ್ತೇ ಓದಿಸು, ಉಳಿದದ್ದನ್ನು ತಡೆದಿಟ್ಟುಕೋ.

ತಡೆದಿಡುವುದು ಸುಲಭವಲ್ಲ. ಗೊತ್ತಿರುವುದನ್ನೆಲ್ಲ ಸುರಿದುಬಿಡುವ ಚಪಲ ಕಲಿಸುವವರಿಗೆ ಯಾವತ್ತೂ ಇರುತ್ತದೆ. ದ ಕಲಿಸಿದ ದಿನ ಧ, ಡ, ಢಗಳೂ ನಾಲಿಗೆಯ ತುದಿಗೆ ಬರುತ್ತವೆ. ‘ನೋಡು, ಹೊಟ್ಟೆ ಸೀಳಿದರೆ ಇದು, ಬಾಲ ಬಂದರೆ ಅದು’ ಎನ್ನಬೇಕೆನಿಸುತ್ತದೆ. ಹಾಗೆ ಹೇಳಿದ ದಿನದಿಂದ ನಾಲ್ಕೂ ಕಲಸಿಹೋಗುತ್ತವೆ. ದ ಒಂದೇ ಇದ್ದು, ದರ, ದನ, ದಸರ ಎಂದು ನೂರು ಸಲ ಕಣ್ಣಿಗೆ ಬಿದ್ದು ಗಟ್ಟಿಯಾದ ಮೇಲೆ ಡ ಬಂದರೆ, ಮಗುವೇ ‘ಇದು ದ ಅಲ್ಲ, ಬೇರೆ’ ಎನ್ನುತ್ತದೆ. ಹೋಲುವ ಎರಡನ್ನು ಕಲಿಸುವಾಗ ಒಂದು ಹಳತಾಗಿರಬೇಕು. ವ ಮತ್ತು ಮ ಒಂದೇ ಗುಂಪಿನಲ್ಲಿ ಬರುವುದು ಈ ದೃಷ್ಟಿಯಿಂದ ನನಗೆ ಯಾವಾಗಲೂ ಸ್ವಲ್ಪ ತೊಡಕೆನಿಸಿದೆ. ನಾನು ವ ಕಲಿಸಿ ಒಂದು ವಾರ ಬಿಟ್ಟು ಮಗೆ ಹೋಗುತ್ತಿದ್ದೆ. ಮ ಅಕ್ಷರದ ಪಕ್ಕದ ಕೊಕ್ಕೆಗೆ ಮಕ್ಕಳೇ ಹೆಸರಿಟ್ಟಿದ್ದರು: ಮ ಎಂದರೆ ವನಿಗೆ ಒಂದು ಕೈ ಜಾಸ್ತಿ.

ಹತ್ತಕ್ಷರದ ಮೇಲೆ ಮೊದಲ ಚಿಹ್ನೆ ದೀರ್ಘ. ನಮ್ಮ ಹಿರಿಯರು ಇಳಿ ಎನ್ನುತ್ತಿದ್ದರು. ಇಲ್ಲಿ ಹಳೆಯ ಕಾಗುಣಿತದ ಜಾಡಿಗೂ ಹೊಸ ಜಾಡಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಕ ಕಾ ಕಿ ಕೀ ಎಂದು ಅಡ್ಡ ಸಾಲು ಹಿಡಿದು ಹೊರಟರೆ ಮಗು ಒಂದೇ ಉಸಿರಿನಲ್ಲಿ ಕಃ ತನಕ ಮುಟ್ಟುತ್ತದೆ. ಆದರೆ ನಡುವಿನಿಂದ ‘ಕೆ’ ಒಂದನ್ನೇ ಎತ್ತಿ ತೋರಿಸಿದರೆ, ಮೊದಲಿಂದ ಹಾಡಿಕೊಂಡು ಬಂದು ಅಲ್ಲಿಗೆ ಇಳಿಯುತ್ತದೆ. ಮಗ್ಗಿಯಲ್ಲಿ ಏಳೆಂಟಲ ಕೇಳಿದರೆ ಏಳೊಂದಲದಿಂದ ಶುರು ಮಾಡುವ ಹಾಗೆ. ಕಾಗುಣಿತವನ್ನು ಉದ್ದಕ್ಕೆ ಇಳಿಯಬೇಕು. ಒಂದು ಚಿಹ್ನೆ, ಬಲ್ಲ ಅಕ್ಷರಗಳಿಗೆಲ್ಲ: ರಾ, ಗಾ, ಸಾ, ದಾ, ಜಾ, ವಾ, ಮಾ, ಬಾ, ನಾ. ಚಿಹ್ನೆ ಏನು ಮಾಡುತ್ತದೆ ಎಂಬುದು ಆಗ ಕೈಗೆ ಸಿಗುತ್ತದೆ. ಕೂಡಲೇ ಜೋಡಿ ಪದಗಳನ್ನು ಎದುರುಬದುರು ಇಡಬೇಕು. ದರ, ದಾರ. ವರ, ವಾರ. ಮನ, ಮಾನ. ಒಂದು ಇಳಿ ಬಂದರೆ ಅರ್ಥವೇ ಬೇರೆಯಾಗುತ್ತದೆ ಎಂದು ಕಂಡ ಮಗು ಮುಂದೆ ದೀರ್ಘ ಬಿಡುವುದು ಕಡಿಮೆ. ಬಸ್ ನಿಲ್ದಾಣದಲ್ಲೂ ಬೋರ್ಡುಗಳು ಹೆಚ್ಚುತ್ತವೆ: ಸಾಗರ, ರಾಮನಗರ. ಹ ಕಲಿತ ದಿನ ಹಾಸನ.

ಗುಡಿಸು, ಕೊಂಬು, ಏತ್ವ, ಓತ್ವ, ವಟ್ರಸುಳಿ. ಈ ಹೆಸರುಗಳನ್ನು ದಯವಿಟ್ಟು ಬಿಡಬೇಡಿ. ‘ಉ ಸೈನ್’ ಎಂದು ಹೇಳುವ ಎಳೆಯ ಶಿಕ್ಷಕರನ್ನು ಕಂಡಿದ್ದೇನೆ. ಕೊಂಬು ಎಂದರೆ ಮಗು ಅಕ್ಷರದ ಪಕ್ಕದಲ್ಲೊಂದು ಕೊಂಬನ್ನು ನೋಡುತ್ತದೆ, ಗುಡಿಸು ಎಂದರೆ ಗುಡಿಸಲಿನ ಮಾಡು. ಹೆಸರಿನಲ್ಲೇ ಚಿತ್ರ ಇರುವಾಗ ಚಿತ್ರಪಟ ಬೇಕಿಲ್ಲ. ಎಲ್ಲ ಅಕ್ಷರಕ್ಕೂ ಪಕ್ಕದಲ್ಲಿ ಕೂರುವ ಕೊಂಬು ಪು, ಫು, ವುಗಳಲ್ಲಿ ಮಾತ್ರ ಕೆಳಗಿಳಿದು ಅಂಟಿಕೊಳ್ಳುತ್ತದೆ. ಯಾಕೆಂದು ಮಕ್ಕಳು ಕೇಳುತ್ತಾರೆ. ವಗೆ ಎಲ್ಲರಂತೆ ಪಕ್ಕದಲ್ಲಿ ಕೊಂಬು ಕೊಟ್ಟು ಬೋರ್ಡಿನ ಮೇಲೆ ತೋರಿಸಿ. ಅದು ಮ ಆಗಿ ಕೂತಿರುತ್ತದೆ! ಮಕ್ಕಳಿಗೆ ಮತ್ತೆ ಹೇಳಬೇಕಾಗುವುದಿಲ್ಲ.

ಮೂವತ್ತನಾಲ್ಕು ವ್ಯಂಜನ, ಹದಿಮೂರು ಸ್ವರ. ಗುಣಿಸಿದರೆ 442 ರೂಪ. ಒತ್ತಕ್ಷರ ಸೇರಿದರೆ ಲೆಕ್ಕ ಇನ್ನೂ ಎಲ್ಲಿಗೋ ಹೋಗುತ್ತದೆ. ಮನಃಶಾಸ್ತ್ರಜ್ಞೆ ಸೋನಾಲಿ ನಾಗ್ ಕನ್ನಡ ಮಕ್ಕಳ ಓದನ್ನು ಅಭ್ಯಾಸ ಮಾಡಿ 2007ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಕನ್ನಡದ ಅಕ್ಷರಜ್ಞಾನ ಮೊದಲೆರಡು ವರ್ಷಕ್ಕೆ ಮುಗಿಯದೆ ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ ಎಂದು ತೋರಿಸಿದ್ದಾರೆ. ಇಪ್ಪತ್ತಾರು ಅಕ್ಷರದ ಇಂಗ್ಲಿಷಿನ ಗಡಿಯಾರ ಇಟ್ಟುಕೊಂಡು ‘ಎರಡನೇ ತರಗತಿಗೆ ಬಂದರೂ ಇವನಿಗೆ ಇನ್ನೂ ತಡವರಿಕೆ’ ಎಂದು ಕೊರಗುವ ತಾಯಿತಂದೆಯರು ಇದನ್ನು ತಿಳಿಯಬೇಕು. ನಮ್ಮ ಲಿಪಿಯ ದಾರಿ ಉದ್ದ. ಉದ್ದ ದಾರಿಯಲ್ಲಿ ನಡುನಡುವೆ ಅರವಟ್ಟಿಗೆ ಬೇಕು ಎಂದೇ ಮೊದಲ ವಾರದಿಂದ ಓದುವ ಸುಖ ಕೊಡಬೇಕಾದದ್ದು.

ಈಗ ಈ ದಾರಿಯಲ್ಲಿ ನನಗೆ ಅತಿ ಇಷ್ಟವಾದ ತಿರುವು, ಒತ್ತಕ್ಷರ.

ಮಗುವಿಗೆ ಪ್ರಾಣಕ್ಕೆ ಪ್ರಾಣವಾದ ಪದಗಳನ್ನು ಪಟ್ಟಿ ಮಾಡಿ. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅಜ್ಜಿ. ಅನ್ನ, ಬೆಲ್ಲ, ಹಣ್ಣು, ಬೆಕ್ಕು, ಎಮ್ಮೆ. ಒಂದೂ ಬಿಡದೆ ಎಲ್ಲದರಲ್ಲೂ ಒತ್ತು. ಕನ್ನಡ ಎಂಬ ಪದದಲ್ಲೂ. ಮಾತಿನಲ್ಲಿ ಮೊದಲು ಬರುವ ಪದಗಳೇ ಬರಹದಲ್ಲಿ ಕೊನೆಗೆ ಬರುತ್ತವೆ. ಇದಕ್ಕೆ ಒಳ್ಳೆಯ ಶಿಕ್ಷಕರು ಒಂದು ಉಪಾಯ ಮಾಡುತ್ತಾರೆ. ಅಮ್ಮ ಎಂಬುದನ್ನು ಬಿಡಿಸದೆ, ಒಂದು ಮುಖವನ್ನು ಗುರುತಿಸುವ ಹಾಗೆ, ಇಡಿಯಾಗಿ ಮೊದಲ ತಿಂಗಳಲ್ಲೇ ಪರಿಚಯಿಸಿಬಿಡುತ್ತಾರೆ. ಮಗುವಿನ ಹೆಸರಿನ ಕಾರ್ಡಿನ ಪಕ್ಕ ಅಮ್ಮ, ಅಪ್ಪ ಎಂಬ ಎರಡು ಕಾರ್ಡು. ಒಡೆದು ನೋಡುವ ಕಾಲ ಬಂದಾಗ ಅವೇ ಹಳೆಯ ಗೆಳೆಯರು ಒಳಗಿನ ಗುಟ್ಟು ಬಿಟ್ಟುಕೊಡುತ್ತಾರೆ.

ಒಡೆಯುವುದು ಮೊದಲು ಬಾಯಲ್ಲಿ, ಆಮೇಲೆ ಕಾಗದದ ಮೇಲೆ. ಎರಡು ಚಪ್ಪಾಳೆ: ಅಮ್, ಮ. ಅಕ್, ಕ. ಬೆಲ್, ಲ. ಹತ್ತು ಪದ ಚಪ್ಪಾಳೆಯಲ್ಲಿ ಒಡೆದ ಮೇಲೆ ‘ಅಮ್ಮದಲ್ಲಿ ಮ ಎಷ್ಟು ಸಲ ಬಂತು?’ ಎಂದು ಕೇಳಬೇಕು. ಎರಡು ಎಂಬ ಉತ್ತರ ಕಿವಿಯಿಂದ ಬರಬೇಕು. ಆಮೇಲೆ ಬೋರ್ಡಿನ ಮೇಲೆ ಮ ಬರೆದು ಅದರ ಕೆಳಗೆ ಮಕಾರದ ಒತ್ತು: ‘ಎರಡನೇ ಮಗೆ ಮೇಲೆ ಜಾಗ ಇಲ್ಲ, ಕೆಳಗೆ ಕೂತಿದೆ.’ ತಮ್ಮದೇ ಒತ್ತು ತೆಗೆದುಕೊಳ್ಳುವ ಇಂಥ ಸಜಾತೀಯ ಒತ್ತಕ್ಷರಗಳು ಮೊದಲು, ಶಕ್ತಿ, ಪುಸ್ತಕದಂಥ ವಿಜಾತೀಯಗಳು ಆಮೇಲೆ.

ಶಕ್ತಿ ಎಂಬ ಪದವನ್ನು ನಿಧಾನವಾಗಿ ನೋಡಿ. ಕಿವಿಗೆ ಕೇಳುವುದು ಶ, ಕ್, ತಿ. ಇಕಾರ ತಕಾರದ್ದು. ಬರಹದಲ್ಲಿ ಗುಡಿಸು ಯಾರ ತಲೆಯ ಮೇಲಿದೆ? ಕಕಾರದ ಮೇಲೆ. ತ ಕೆಳಗೆ ಒತ್ತಾಗಿ ಕೂತಿದೆ. ಕಣ್ಣು ಕಿ ಎನ್ನುತ್ತದೆ, ಕಿವಿ ತಿ ಎನ್ನುತ್ತದೆ. ‘ಶಕಿತ’ ಎಂದು ಓದುವ ಮಗು ದಡ್ಡ ಮಗುವಲ್ಲ, ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಪ್ರಾಮಾಣಿಕವಾಗಿ ಓದುತ್ತಿರುವ ಮಗು. ಅದಕ್ಕೆ ಬೈಗುಳದ ಬದಲು ಒಂದು ನಿಯಮ ಸಿಗಬೇಕು: ಒತ್ತು ಕಂಡರೆ ಮೇಲಿನವನು ಅರ್ಧ, ಅವನ ತಲೆಯ ಟೋಪಿ ಕೆಳಗಿನವನದು. ಟೋಪಿಯ ಮಾತು ನನ್ನದಲ್ಲ, ಒಬ್ಬ ಎರಡನೇ ತರಗತಿಯ ಹುಡುಗ ತನ್ನ ಪಕ್ಕದವನಿಗೆ ವಿವರಿಸುವಾಗ ಹೇಳಿದ್ದು. ನಾನು ಅಂದಿನಿಂದ ಅದನ್ನೇ ಬಳಸುತ್ತ ಬಂದೆ. ಅರ್ಕಾವೊತ್ತು ಇನ್ನೂ ಸೋಜಿಗದ್ದು. ಸೂರ್ಯದಲ್ಲಿ ರ್ ಮೊದಲು ಉಚ್ಚಾರವಾಗುತ್ತದೆ, ಆದರೆ ಯ ಆದ ಮೇಲೆ ಬರೆಯುತ್ತೇವೆ. ‘ಸೂಯ್ರ’ ಎಂದು ಮಕ್ಕಳು ಓದಿದರೆ ಅದೂ ಪ್ರಾಮಾಣಿಕ ಓದೇ. ಬರೆಯುವಾಗ ತಡವಾಗಿ ಬರುವವನು, ಓದುವಾಗ ಮುಂದೆ ಓಡುವವನು ಎಂದು ಹೇಳಿ ಸೂರ್ಯ, ಕಾರ್ಯ, ವರ್ಷ ಎಂಬ ಮೂರು ಪದ ಕೊಟ್ಟರೆ ಸಾಕು.

ತಪ್ಪು ಓದಿದ ಮಗುವಿನ ಮುಂದೆ ಸುಮ್ಮನಿರುವುದನ್ನು ಕಲಿಯಲು ನನಗೆ ವರ್ಷಗಳೇ ಬೇಕಾದವು. ಅಮೆರಿಕದ ವಿಜ್ಞಾನ ಶಿಕ್ಷಕಿ, ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಒಂದು ಸಣ್ಣ ಸಂಗತಿ ಅಳೆದರು: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಎಷ್ಟು ಹೊತ್ತು ಕಾಯುತ್ತಾರೆ? ಸುಮಾರು ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದ ಕಡೆ ಮಕ್ಕಳ ಉತ್ತರ ಉದ್ದವಾಯಿತು, ಬಾಯಿ ಬಿಡದವರೂ ಬಾಯಿ ಬಿಟ್ಟರು. ಮೂರು ಸೆಕೆಂಡು! ಓದುವ ಮಗುವಿನ ಬೆರಳು ಒಂದು ಅಕ್ಷರದ ಮೇಲೆ ನಿಂತಾಗ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿ ನೋಡಿ. ಎರಡಕ್ಕೆ ನಿಮ್ಮ ಬಾಯಿಗೆ ಉತ್ತರ ಬಂದಿರುತ್ತದೆ. ನುಂಗಿಕೊಳ್ಳಿ. ಮೂರರ ಆಚೆ ಎಷ್ಟೋ ಸಲ ಮಗುವೇ ಹೇಳಿಬಿಡುತ್ತದೆ, ಹಾಗೆ ತಾನೇ ಹುಡುಕಿ ಹೇಳಿದ ಅಕ್ಷರವನ್ನು ಮತ್ತೆ ಮರೆಯುವುದು ಅಪರೂಪ.

ಬರವಣಿಗೆಗೂ ಇದೇ ಮಾತು. ಒಂದು ಪದವನ್ನು ಹತ್ತು ಸಲ ನೋಡಿ ಬರೆಯುವ ಕಾಪಿ ಪುಸ್ತಕದಲ್ಲಿ ಮೊದಲ ಸಾಲು ಮುದ್ದಾಗಿರುತ್ತದೆ, ಹತ್ತನೆಯದು ಅಳುತ್ತಿರುತ್ತದೆ. ಕೈ ದುಡಿದಿದೆ, ಮನಸ್ಸು ಎಲ್ಲೋ ಇದೆ. ಬದಲಿಗೆ ನೋಡು, ಮುಚ್ಚು, ಬರೆ. ಪದವನ್ನು ಚೆನ್ನಾಗಿ ನೋಡಿ, ಅಂಗೈಯಿಂದ ಮುಚ್ಚಿ, ನೆನಪಿನಿಂದ ಬರೆದು, ಕೈ ತೆಗೆದು ತಾನೇ ತಾಳೆ ನೋಡುವುದು. ಮೂರೇ ಸಲ ಸಾಕು. ನಾಳೆ ಒಮ್ಮೆ, ಮುಂದಿನ ವಾರ ಒಮ್ಮೆ. ಕೆಂಪು ಶಾಯಿ ಶಿಕ್ಷಕರ ಕೈಯಲ್ಲಿರುವುದಕ್ಕಿಂತ ಮಗುವಿನ ಕಣ್ಣಿನಲ್ಲಿದ್ದರೆ ಚೆನ್ನ. ಇದೇ ಉಪಾಯ ಎಸ್ಸೆಸ್ಸೆಲ್ಸಿ ಓದುವವರಿಗೂ ಒದಗುತ್ತದೆ, ಪದದ ಜಾಗದಲ್ಲಿ ಒಂದು ಪ್ಯಾರಾ ಇಟ್ಟುಕೊಂಡರಾಯಿತು.

ಇನ್ನೊಂದು ಸೂಕ್ಷ್ಮ. ಹಳೇ ಮೈಸೂರಿನ ಎಷ್ಟೋ ಹಳ್ಳಿಗಳಲ್ಲಿ ಹಾಲು ಆಲು, ಹಣ್ಣು ಅಣ್ಣು. ಹ ಕಾರ್ಡು ತೋರಿಸಿ ಹಣ್ಣಿನ ಚಿತ್ರ ಬರೆದರೆ ಆ ಮಗುವಿಗೆ ಅದು ಅ ಅಕ್ಷರದ ಚಿತ್ರ. ಮನೆಯಲ್ಲಿ ಲಂಬಾಣಿಯೋ ಉರ್ದುವೋ ತುಳುವೋ ಆಡುವ ಮಗುವಿಗೆ ಚಿತ್ರದ ಹೆಸರೇ ಬೇರೆ. ‘ಅಣ್ಣು ಅಲ್ಲ, ಹಣ್ಣು’ ಎಂದು ಇಡೀ ತರಗತಿಯ ಮುಂದೆ ನಗಾಡಿದರೆ ಮಗು ಹ ಕಲಿಯುವುದಿರಲಿ, ಮಾತನ್ನೇ ನಿಲ್ಲಿಸುತ್ತದೆ. ‘ಮನೇಲಿ ಅಣ್ಣು ಅಂತೀವಿ, ಪುಸ್ತಕದಲ್ಲಿ ಹಣ್ಣು ಅಂತ ಬರೀತಾರೆ’ ಎಂದು ಎರಡಕ್ಕೂ ಜಾಗ ಕೊಟ್ಟರೆ ಕೆಲಸ ಸಲೀಸು. ಅಜ್ಜಿಯ ಮಾತು ತಪ್ಪಲ್ಲ ಎಂದು ತಿಳಿದ ಮಗು ಪುಸ್ತಕದ ಮಾತನ್ನು ಸಲೀಸಾಗಿ ತೆಗೆದುಕೊಳ್ಳುತ್ತದೆ.

ಬಾಯಿಗೆ ಬಂದ ಹಾಡುಗಳಿದ್ದರಂತೂ ಅರ್ಧ ಕೆಲಸ ಆದಂತೆಯೇ. ಜಿ.ಪಿ. ರಾಜರತ್ನಂ ಅವರ ಶಿಶುಗೀತೆ ಗೊತ್ತಿಲ್ಲದ ಮಗು ಕನ್ನಡ ಶಾಲೆಯಲ್ಲಿ ಸಿಗುವುದು ಕಷ್ಟ. ಬಾಯಲ್ಲಿರುವ ಹಾಡನ್ನು ದೊಡ್ಡ ಅಕ್ಷರದಲ್ಲಿ ಬರೆದು, ಸಾಲುಗಳನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಕಲಸಿ ಕೊಟ್ಟು, ಜೋಡಿಸಿ ಎನ್ನಿ. ಮಕ್ಕಳು ಹಾಡು ಗುನುಗುತ್ತ ಸಾಲು ಹುಡುಕುತ್ತಾರೆ. ಗೊತ್ತಿರುವ ಧ್ವನಿ ಗೊತ್ತಿಲ್ಲದ ಅಕ್ಷರಕ್ಕೆ ದಾರಿ ತೋರಿಸುತ್ತದೆ.

ನಲಿ-ಕಲಿ ಕೊಠಡಿಯಲ್ಲಿ ತಲೆಯ ಮೇಲೆ ದಾರ ಕಟ್ಟಿರುತ್ತಾರೆ. ಅದಕ್ಕೆ ಚಪ್ಪರ ಎಂದು ಹೆಸರು, ಮಕ್ಕಳು ಬರೆದದ್ದೆಲ್ಲ ಅಲ್ಲಿ ತೂಗುತ್ತದೆ. ಒಂದು ಮಧ್ಯಾಹ್ನ ಊಟದ ಬೆಲ್ಲು ಹೊಡೆದು ಎಲ್ಲರೂ ತಟ್ಟೆ ಹಿಡಿದು ಓಡಿದ್ದರು. ಒಬ್ಬಳು ಮಾತ್ರ ಚಪ್ಪರದ ಕೆಳಗೆ ಕತ್ತೆತ್ತಿ ನಿಂತಿದ್ದಳು. ಗೆಳತಿಯೊಬ್ಬಳು ಬರೆದ ನಾಲ್ಕು ಸಾಲಿನ ಬೆಕ್ಕಿನ ಕಥೆ ಅವಳ ಮೂಗಿನ ಮೇಲೆ ತೂಗುತ್ತಿತ್ತು. ಮೊದಲೆರಡು ಸಾಲಿಗೆ ತುಟಿ ಅಲ್ಲಾಡಿತು. ಮೂರನೆಯದಕ್ಕೆ ತುಟಿ ನಿಂತು ಕಣ್ಣು ಮಾತ್ರ ಓಡಿತು. ನಾಲ್ಕನೆಯ ಸಾಲಿನ ಕೊನೆಗೆ ಬಂದಾಗ, ಸುತ್ತ ಯಾರೂ ಇಲ್ಲದಿದ್ದರೂ, ಅವಳು ಗಟ್ಟಿಯಾಗಿ ನಕ್ಕಳು. ಬೆಕ್ಕು ಹಾಲಿನ ಪಾತ್ರೆಗೆ ಬಿದ್ದದ್ದು ಆ ಸಾಲಿನಲ್ಲೇ.